ಚಿನ್ನದೂರಿನ ಲೈನ್ ಮನೆ

ನಮ್ಮ ಡೆಂಕಣಿಕೋಟೆಗೆ ನೆಂಟರು ಬಂದರೆ ಬೇಟರಾಯಸ್ವಾಮಿ ದೇವಾಲಯವನ್ನು ತೋರಿಸುತ್ತೇವೆ, ಸುತ್ತಲಿನ ಕಾಡು ಬೆಟ್ಟಗಳನ್ನು ತೋರಿಸುತ್ತೇವೆ. ಕೂಲಿ ಮಾಡಿ ಬದುಕಿದವರ ಹಳೆಯ ಮನೆಯನ್ನು ಮಾತ್ರ ಯಾರೂ ತೋರಿಸುವುದಿಲ್ಲ. ನಾವೂ ತೋರಿಸಿದವರಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೋಲಾರದ ಚಿನ್ನದ ಗಣಿಗೆ, ಅಂದರೆ ಕೆ.ಜಿ.ಎಫ್.ಗೆ ಹೋಗಿ ಬಂದ ಮೇಲೆ ನಮ್ಮ ನೋಟ ಬದಲಾಯಿತು.

ಹೊಸೂರು, ಬಾಗಲೂರು, ಮಾಲೂರು, ಬಂಗಾರಪೇಟೆ ದಾಟಿದೆವು. ದೂರದಿಂದಲೇ ಬೂದುಬಣ್ಣದ ಸೈನೈಡ್ ದಿಬ್ಬಗಳು ಕಂಡವು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಗಣಿಗಳಿವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗಿಂತ ಮೂರು ವರ್ಷ ಮೊದಲು! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಎಲ್ಲವೂ ನಿಂತಿತು.

ಈ ಗಣಿಗಳ ಕೂಲಿಗಳು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯವರು. ನಮ್ಮ ಡೆಂಕಣಿಕೋಟೆಯೂ ಆಗ ಸೇಲಂ ಜಿಲ್ಲೆಗೇ ಸೇರಿತ್ತು. ಆದ್ದರಿಂದ ಅಲ್ಲಿನ ಓಣಿಗಳಲ್ಲಿ ನಡೆಯುವಾಗ ನಮಗೆ ಪರಊರು ಎನ್ನಿಸಲಿಲ್ಲ.

ಇಂಗ್ಲಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬುಗಳನ್ನು ನೋಡಿ ಎಲ್ಲರೂ ಫೋಟೋ ತೆಗೆಯುತ್ತಾರೆ. ಕಾರ್ಮಿಕರು ಇದ್ದದ್ದು ‘ಲೈನ್’ಗಳಲ್ಲಿ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲೂ ಅನೇಕರಿಗೆ ಬಿದಿರು ತಟ್ಟಿಯ ಗುಡಿಸಲೇ ಗತಿ. ಗೋಡೆ ಕಟ್ಟಿದ ಸಾಲುಮನೆಗಳು ಬಂದದ್ದು ಕ್ರಮೇಣ. ಒಂದು ಗೋಡೆಗೆ ಎರಡು ಸಂಸಾರ, ತಗ್ಗಿದ ಮಾಡು, ಬೀದಿಗೊಂದು ನಲ್ಲಿ. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ಕಂಪನಿಯ ನಿಯಮವನ್ನು ಧಿಕ್ಕರಿಸಿ ಗಣಿಗಿಳಿಯಲು ನಿರಾಕರಿಸಿದವರು ಇಂಥ ಲೈನ್‌ಗಳ ಜನರೇ.

ಅಂಥದೊಂದು ಮನೆಯ ಹೊಸ್ತಿಲಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮನ್ನು ಒಳಗೆ ಕರೆದರು.

“ಇದ್ರಲ್ಲಿ ನೋಡಕ್ಕೆ ಏನೈತೆ ಸ್ವಾಮಿ?” ಎಂದು ನಕ್ಕರು.

“ಎಷ್ಟು ಜನ ಇದ್ರಿ ಅಮ್ಮ, ಇಲ್ಲಿ?” ಎಂದು ಕೇಳಿದೆವು.

“ಎಂಟು ಜನ. ನಮ್ಮನೆಯವ್ರಿಗೆ ರಾತ್ರಿ ಶಿಫ್ಟು. ಬೆಳಿಗ್ಗೆ ಬಂದು ಮಲಗಿದ್ರೆ ಮಕ್ಕಳ್ನೆಲ್ಲ ಹೊರಗೆ ಕಳಿಸ್ತಿದ್ದೆ. ಉಸಿರೆತ್ತಂಗಿಲ್ಲ!”

ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಟ್ರಂಕು, ಗೋಡೆಯ ಗೂಡಿನಲ್ಲಿ ಮಾತೆ ಮರಿಯಮ್ಮನವರ ಚಿತ್ರ. ಸೈರನ್ ಕೂಗಿದ ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಕಡೆ ಸದ್ದಾದರೆ ಲೈನಿನ ಹೆಂಗಸರೆಲ್ಲ ಆ ಚಿತ್ರದ ಮುಂದೆ ಕೂಡುತ್ತಿದ್ದರಂತೆ. ನಮ್ಮ ಮಕ್ಕಳು ಮಾತಿಲ್ಲದೆ ನಿಂತಿದ್ದರು.

ಗಣಿಯ ಮೇಲ್ವಿಚಾರಕರಾಗಿ ಇಲ್ಲಿಗೆ ಬಂದವರಲ್ಲಿ ಬಹಳ ಜನ ಇಂಗ್ಲೆಂಡಿನ ಕಾರ್ನ್‌ವಾಲಿನವರು. ಅವರ ನಾಡಿನ ಗಣಿ ಪ್ರದೇಶವನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಂತ್ರದ ಕಟ್ಟಡಗಳಷ್ಟೇ ಅಲ್ಲ, ಗಣಿ ಕಾರ್ಮಿಕರ ಸಣ್ಣ ಮನೆಗಳೂ ಆ ಗೌರವದಲ್ಲಿ ಪಾಲು ಪಡೆದಿವೆ. ಅಲ್ಲಿಯ ಕೂಲಿಯ ಮನೆ ಪರಂಪರೆಯಾದರೆ ಇಲ್ಲಿಯದು ಏಕಲ್ಲ?

ಅಮ್ಮನವರ ಮೊಮ್ಮಗನಿಗೆ ಮನೆ ಕೆಡವಿ ಮೇಲೊಂದು ಅಂತಸ್ತು ಕಟ್ಟುವ ಆಸೆ. ಬೇಡ ಎನ್ನಲು ನಾವು ಯಾರು? ಒಂದೇ ಕೋಣೆಯ ಕಷ್ಟವನ್ನು ಅನುಭವಿಸಿದವರಿಗೆ ಮತ್ತೆ ಅದರಲ್ಲೇ ಇರಿ ಎನ್ನುವುದು ನ್ಯಾಯವಲ್ಲ. ಆದರೆ ಒಂದಾದರೂ ಸಾಲನ್ನು, ನಲ್ಲಿಯ ಸಮೇತ, ಇದ್ದಂತೆಯೇ ಉಳಿಸಿಕೊಳ್ಳಬಹುದಲ್ಲವೇ? ಉಳಿದ ಮನೆಗಳನ್ನು ಕೆಡವುವ ಮುಂಚೆ ಅಳತೆ ತೆಗೆದು, ಫೋಟೋ ಹಿಡಿದು, ಅಲ್ಲಿ ಬಾಳಿದವರ ಹೆಸರುಗಳನ್ನು ಬರೆದಿಡಬಹುದಲ್ಲವೇ? ಇದಕ್ಕೆ ದೊಡ್ಡ ಹಣ ಬೇಡ. ಒಂದು ಟೇಪು, ಒಂದು ನೋಟ್‌ಬುಕ್ಕು, ಹಿರಿಯರ ಪಕ್ಕದಲ್ಲಿ ಕೂರುವ ತಾಳ್ಮೆ ಇದ್ದರೆ ಸಾಕು.

ನಾವು ಆ ಮೊಮ್ಮಗನಿಗೆ ಇಷ್ಟನ್ನೇ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಗೂಡು ಮಾತ್ರ ಹೊಸ ಗೋಡೇಲೂ ಇಡ್ತೀನಿ” ಎಂದ.

ಊರಿಗೆ ಮರಳಿದ ಮಾರನೆಯ ದಿನ ನಮ್ಮ ಬೀದಿಯ ಕೊನೆಯಲ್ಲಿರುವ ಮಣ್ಣುಗೋಡೆಯ ನಾಡಹೆಂಚಿನ ಮನೆಯ ಮುಂದೆ ನಿಂತೆವು. ದಿನವೂ ಹಾದುಹೋಗುವ ಮನೆ. ಅದನ್ನು ಯಾರು ಕಟ್ಟಿದರು, ಯಾವ ಕೂಲಿಯ ದುಡ್ಡಿನಲ್ಲಿ ಕಟ್ಟಿದರು ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಅಂದು ಬಾಗಿಲು ತಟ್ಟಿದೆವು.