ವರ್ತೂರಿನ ಕೆರೆಯೂ ದೀಪದ ಲೆಕ್ಕವೂ

ಬೆಂಗಳೂರಿನ ಮೂಡಣ ಸೀಮೆಯಲ್ಲಿ ವರ್ತೂರೆಂಬ ಗ್ರಾಮವಿತ್ತು. ಇತ್ತೆಂದು ಹೇಳುವುದೇ ಸರಿ. ಏಕೆಂದರೆ ಈಗ ಅದು ಮಹಾನಗರದ ಒಡಲಲ್ಲಿ ಸೇರಿಹೋಗಿದೆ. ಚೆನ್ನರಾಯಸ್ವಾಮಿಯ ದೇವಾಲಯ, ಹಳೆಯ ಬೀದಿಗಳು, ಸುಮಾರು 450 ಎಕರೆ ಹರವಿನ ಕೆರೆ, ಇಷ್ಟು ಮಾತ್ರ ಊರಿನ ಪೂರ್ವಸ್ಥಿತಿಯನ್ನು ನೆನಪಿಗೆ ತರುತ್ತವೆ. ಸಮೀಪದಲ್ಲೇ ವೈಟ್‌ಫೀಲ್ಡ್ ಇದೆ. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯಕ್ಕಾಗಿ ಹುಟ್ಟಿದ ಆ ಊರಿನಲ್ಲಿ ಇಂದು ಕಂಪ್ಯೂಟರ್ ಕಚೇರಿಗಳು ತುಂಬಿವೆ. ಸಂಜೆ ಕೆರೆಯ ಏರಿಯ ಮೇಲೆ ನಿಂತು ನೋಡುವವರಿಗೆ ಹತ್ತು, ಇಪ್ಪತ್ತು ಅಂತಸ್ತಿನ ಮನೆಗಳಲ್ಲಿ ಹತ್ತಿದ ದೀಪಗಳು ನಕ್ಷತ್ರಗಳನ್ನೇ ಮಸುಕಾಗಿಸುತ್ತವೆ.

ಈ ದೀಪಗಳು ಯಾವುದರಿಂದ ಉರಿಯಬೇಕು, ಗಾಳಿಯಿಂದಲೋ ಕಲ್ಲಿದ್ದಲಿನಿಂದಲೋ, ಎಂಬ ವಾದ ನಮ್ಮ ನೆರೆಯ ಗೃಹಸ್ಥರಲ್ಲಿ ಆಗಾಗ್ಗೆ ನಡೆಯುತ್ತದೆ. ಗಾಳಿಗೆ ಯಾರೂ ಬೆಲೆ ಕೊಡಬೇಕಾಗಿಲ್ಲ, ಆದಕಾರಣ ಅದೇ ಅಗ್ಗವೆಂದು ಒಬ್ಬರು ಹೇಳುತ್ತಾರೆ. ಗಾಳಿ ನಿಂತಾಗ ಕಲ್ಲಿದ್ದಲೇ ಗತಿಯಷ್ಟೆ, ಹಾಗಾದರೆ ಎರಡು ಖರ್ಚಾಗಲಿಲ್ಲವೆ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಎರಡು ಬಗೆಯ ಉತ್ಪತ್ತಿಸ್ಥಾನಗಳನ್ನೂ ನಾವು ಕಣ್ಣಾರೆ ಕಂಡಿರುವುದರಿಂದ, ತೋರಿದ ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ರಾಯಚೂರಿನಿಂದ ಹೈದರಾಬಾದಿನ ಕಡೆಗೆ ಹೋಗುವವರಿಗೆ ಕೃಷ್ಣಾನದಿಯನ್ನು ದಾಟುವ ಮುನ್ನವೇ ಶಕ್ತಿನಗರದ ಚಿಮಣಿಗಳು ಕಾಣಿಸುತ್ತವೆ. ಅಲ್ಲಿಯ ಶಾಖೋತ್ಪನ್ನ ಕೇಂದ್ರದ ಮೊದಲನೆಯ ಘಟಕವು 1985ರಲ್ಲಿ ಆರಂಭವಾಯಿತು. ಮುಂದೆ ಘಟಕಗಳು ಎಂಟಾಗಿ, ಅವುಗಳ ಸಾಮರ್ಥ್ಯ 1,720 ಮೆಗಾವ್ಯಾಟಿಗೆ ಮುಟ್ಟಿತು. ಅದಕ್ಕೂ ಮೊದಲು ನಮ್ಮ ನಾಡು ಜಲವಿದ್ಯುತ್ತನ್ನೇ ನಂಬಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದುದೂ, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುದೂ ಕಾವೇರಿಯ ದಯೆಯಿಂದಲೇ. ಆದರೆ ಮಳೆ ತಪ್ಪಿದ ವರ್ಷ ದೀಪವೂ ತಪ್ಪುತ್ತಿತ್ತು. ಆ ಸಂಕಟಕ್ಕೆ ಪರಿಹಾರವಾಗಿ ಕಲ್ಲಿದ್ದಲು ಬಂದಿತೆಂಬುದನ್ನು ಅದನ್ನು ಹಳಿಯುವವರು ಮರೆಯಬಾರದು.

ಕಲ್ಲಿದ್ದಲು ನಮ್ಮ ನಾಡಿನದಲ್ಲ. ತೆಲಂಗಾಣದ ಸಿಂಗರೇಣಿಯಿಂದಲೂ ಒಡಿಶಾದ ಗಣಿಗಳಿಂದಲೂ ರೈಲಿನಲ್ಲಿ ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬೂದಿ. ತಿಂಗಳಿಗೆ 100 ಯೂನಿಟ್ ಬಳಸುವ ಸಂಸಾರವೊಂದು ಕೇವಲ ಕಲ್ಲಿದ್ದಲಿನ ವಿದ್ಯುತ್ತನ್ನೇ ಬಳಸಿತೆಂದು ಇಟ್ಟುಕೊಳ್ಳೋಣ. ಅದರ ಹೆಸರಿನಲ್ಲಿ ತಿಂಗಳಿಗೆ ಸುಮಾರು 65 ಕಿಲೋಗ್ರಾಂ ಕಲ್ಲಿದ್ದಲು ಉರಿದು, 20 ಕಿಲೋಗ್ರಾಂ ಬೂದಿ ಉಳಿದು, ಮತ್ತೆ 90 ಕಿಲೋಗ್ರಾಂನಷ್ಟು ಇಂಗಾಲಾಮ್ಲ ವಾಯು ಆಕಾಶವನ್ನು ಸೇರುತ್ತದೆ. ಬೂದಿಯಲ್ಲಿ ಒಂದು ಭಾಗ ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ. ಉಳಿದುದು ಬೂದಿಯ ಹೊಂಡವನ್ನು ಸೇರುತ್ತದೆ. ಇದಾವುದನ್ನೂ ಮನೆಯ ಬಿಲ್ಲು ಹೇಳುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಮೇಲೆ ಎಷ್ಟೋ ಮನೆಗಳ ಬಿಲ್ಲು ಸೊನ್ನೆಯಾಯಿತು. ಬೂದಿ ಮಾತ್ರ ಸೊನ್ನೆಯಾಗಲಿಲ್ಲ.

ಇನ್ನು ಗಾಳಿಯ ಸೀಮೆ. ಆಷಾಢದಲ್ಲಿ ನಾವು ಚಿತ್ರದುರ್ಗಕ್ಕೆ ಹೋಗಿದ್ದಾಗ ಜೋಗಿಮಟ್ಟಿಯ ಕಡೆಯ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದುವು. ಹೆಗಲ ಮೇಲಿನ ಉತ್ತರೀಯವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾದಂಥ ಗಾಳಿ. ಹೊಗೆಯಿಲ್ಲ, ಬೂದಿಯಿಲ್ಲ, ಕಲ್ಲಿದ್ದಲು ಹೊತ್ತ ರೈಲಿಲ್ಲ. ಕರ್ನಾಟಕದಲ್ಲಿ ಇಂಥ ಯಂತ್ರಗಳ ಒಟ್ಟು ಸಾಮರ್ಥ್ಯ 5,000 ಮೆಗಾವ್ಯಾಟನ್ನು ಮೀರಿದೆ. 2017ರ ಫೆಬ್ರವರಿಯಲ್ಲಿ ನಡೆದ ದೇಶದ ಮೊದಲ ಹರಾಜಿನಲ್ಲಿ ಗಾಳಿಯ ವಿದ್ಯುತ್ತಿನ ದರ ಯೂನಿಟ್ಟಿಗೆ 3 ರೂಪಾಯಿ 46 ಪೈಸೆಯಾಗಿತ್ತು. ಅದೇ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 2 ರೂಪಾಯಿ 43 ಪೈಸೆಗೆ ಇಳಿಯಿತು. ಮುಂದೆ ಅದು ಪುನಃ 3 ರೂಪಾಯಿಗಳನ್ನು ದಾಟಿತು.

ಆದರೆ ಅಮರಸಿಂಹನು ವಾಯುವಿಗೆ ಕೊಟ್ಟ ‘ಸದಾಗತಿ’ ಎಂಬ ಹೆಸರನ್ನು ವಿದ್ಯುತ್ತಿನ ಲೆಕ್ಕಿಗನು ಒಪ್ಪಲಾರನು. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ನಮ್ಮಲ್ಲಿ ಗಾಳಿಯ ಸುಗ್ಗಿ ಮುಂಗಾರಿನ ತಿಂಗಳುಗಳಲ್ಲಿ. ಪಂಪುಸೆಟ್ಟುಗಳೂ ಫ್ಯಾನುಗಳೂ ವಿದ್ಯುತ್ತಿಗಾಗಿ ಬಾಯಿಬಿಡುವುದು ಬೇಸಿಗೆಯಲ್ಲಿ. ಆ ದಿನಗಳಿಗೆಂದು ಶಾಖೋತ್ಪನ್ನ ಕೇಂದ್ರವನ್ನು ಸಿದ್ಧವಾಗಿರಿಸಬೇಕು. ಅದು ಉರಿಯದೆ ಕುಳಿತಾಗಲೂ ನಿಗದಿ ಶುಲ್ಕವನ್ನು ತೆರಬೇಕು. ಗುಡ್ಡದ ನೆತ್ತಿಗೆ ರಸ್ತೆ ಕಡಿದಾಗ ಮಣ್ಣು ಜರಿಯುತ್ತದೆ, ಹುಲ್ಲುಗಾವಲು ತುಂಡಾಗುತ್ತದೆ. ಶಕ್ತಿಯನ್ನು ಕೂಡಿಡಲು ಶರಾವತಿಯ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಯೋಜನೆಯೊಂದನ್ನು ಹೂಡಿದಾಗ, ಅಲ್ಲಿಯ ಕಾಡಿಗೂ ಸಿಂಗಳೀಕಗಳಿಗೂ ಕೇಡಾಗುವುದೆಂದು ವಿರೋಧ ಎದ್ದಿತು. ಗಾಳಿಯು ಧರ್ಮಕ್ಕೆ ದೊರೆಯುವುದಾದರೂ ಗಾಳಿಯ ವಿದ್ಯುತ್ತು ಹಾಗಲ್ಲ.

ಹೀಗಿರಲಾಗಿ ಎರಡರ ದಿಟವಾದ ವೆಚ್ಚವನ್ನು ತೂಗುವ ಬಗೆ ಯಾವುದು? ಇದಕ್ಕೆ ಉತ್ತರವನ್ನು ವರ್ತೂರಿನ ಕೆರೆಯೇ ಹೇಳುತ್ತದೆಂದು ನಮ್ಮ ಭಾವನೆ. ಬೆಂಗಳೂರಿನ ಕೊಚ್ಚೆನೀರು ಬೆಳ್ಳಂದೂರಿನ ಕೆರೆಯನ್ನು ತುಂಬಿ, ಅಲ್ಲಿಂದ ವರ್ತೂರಿಗಿಳಿದು, ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಅದನ್ನು ಶುದ್ಧಿಮಾಡದೆ ಹರಿಯಬಿಟ್ಟಷ್ಟು ಕಾಲ ಪಟ್ಟಣಕ್ಕೆ ಖರ್ಚು ಉಳಿಯಿತು. ಆದರೆ ಆ ಖರ್ಚು ಮಾಯವಾಯಿತೆ? ಇಲ್ಲ, ಇಳಿಜಾರಿನವರ ತಲೆಯ ಮೇಲೆ ಬಿದ್ದಿತು. 2015ರಲ್ಲಿ ವರ್ತೂರು ಕೋಡಿಯ ಬಳಿ ನೊರೆಯು ಉಕ್ಕಿ ರಸ್ತೆಯಲ್ಲಿ ಹೋಗುವವರ ಮುಖಕ್ಕೆ ಹಾರಿತು. ಬೆಳ್ಳಂದೂರಿನ ಕೆರೆಗೆ ಬೆಂಕಿಯೇ ಹತ್ತಿತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿ, ಈ ಕೆರೆಗಳ ಉದ್ಧಾರಕ್ಕಾಗಿ 500 ಕೋಟಿ ರೂಪಾಯಿಗಳನ್ನು ಬೇರೆಯಾಗಿ ಇಡಬೇಕೆಂದಿತು. ಗದ್ದೆಗೆ ನೀರುಣಿಸಿದ ಕೆರೆಯು ಕೆಟ್ಟಮೇಲೆ ಕೋಟಿಗಳಿಂದ ಹೂಳು ತೆಗೆಯಬಹುದು. ಕೆಮ್ಮಿ ಬಾಳಿದವರ ವರ್ಷಗಳನ್ನು ಹಿಂದಕ್ಕೆ ಕೊಡುವುದು ಸಾಧ್ಯವಿಲ್ಲ.

ಕಲ್ಲಿದ್ದಲಿನ ಸಾಲವೂ ಇದೇ ಜಾತಿಯದು. ದೀಪ ನಮ್ಮ ಮನೆಯಲ್ಲಿ, ಹೊಗೆ ಶಕ್ತಿನಗರದವರಿಗೆ, ಬಿಸಿಲಿನ ಝಳ ನಮ್ಮ ಮೊಮ್ಮಕ್ಕಳಿಗೆ. ಈ ಸಾಲವನ್ನು ಲೆಕ್ಕದ ಪುಸ್ತಕಕ್ಕೆ ತರುವ ಯತ್ನ ಒಮ್ಮೆ ನಡೆಯಿತು. 2010ರಲ್ಲಿ ಟನ್ನು ಕಲ್ಲಿದ್ದಲಿಗೆ 50 ರೂಪಾಯಿ ಶುದ್ಧ ಇಂಧನದ ಸುಂಕ ಬಂದಿತು. 2016ರಲ್ಲಿ ಅದು 400 ರೂಪಾಯಿಯಾಯಿತು. ಅಂದರೆ ಯೂನಿಟ್ಟಿಗೆ ಸುಮಾರು 27 ಪೈಸೆ. 2017ರಲ್ಲಿ ಆ ಹಣ ಜಿ.ಎಸ್.ಟಿ.ಯ ನಷ್ಟ ತುಂಬುವ ನಿಧಿಗೆ ತಿರುಗಿತು. 2025ರಲ್ಲಿ ಆ ಸುಂಕವೇ ನಿಂತು, ಸಾಮಾನ್ಯ ತೆರಿಗೆಯನ್ನು ಏರಿಸಲಾಯಿತು.

ಗಾಳಿಯ ಮರೆಖರ್ಚು ಬೇರೆ ಬಗೆಯದು. ಕಾದಿರುವ ಯಂತ್ರದ ಶುಲ್ಕ, ತಂತಿಯ ವೆಚ್ಚ, ಶಕ್ತಿಯನ್ನು ಕೂಡಿಡುವ ವೆಚ್ಚ, ಇವೆಲ್ಲ ರೂಪಾಯಿಯಲ್ಲಿ ಬರೆಯಬಹುದಾದವು. ಬಳಸುವವರೇ ತಮ್ಮ ಕಾಲದಲ್ಲಿ ತೀರಿಸಬಹುದಾದವು. ಗುಡ್ಡದ ಗಾಯವೂ ಸುಳ್ಳಲ್ಲ. ಆದರೆ ಜಾಗವನ್ನು ವಿವೇಕದಿಂದ ಆರಿಸಿದರೆ ಅದನ್ನು ಕಡಿಮೆಮಾಡಬಹುದು. ಎರಡು ಪುಸ್ತಕಗಳನ್ನೂ ಪೂರ್ತಿಯಾಗಿ ಬರೆದರೆ ಗಾಳಿಯದೇ ಹಗುರವಾದ ಸಾಲವೆಂದು ನಮ್ಮ ಅಭಿಪ್ರಾಯ. ಹಾಗೆಂದು ಶಕ್ತಿನಗರದ ಒಲೆಯನ್ನು ನಾಳೆಯೇ ಆರಿಸಲಾಗದು. ಅದೇ ಅಮರಕೋಶದಲ್ಲಿ ಅಗ್ನಿಗೆ ‘ವಾಯುಸಖ’ನೆಂದು ಹೆಸರಿದೆ. ಇನ್ನು ಕೆಲವು ಕಾಲ ಅಗ್ನಿಯು ವಾಯುವಿಗೆ ಮಿತ್ರನಾಗಿಯೇ ಇರಬೇಕು, ಯಜಮಾನನಾಗಿ ಅಲ್ಲ.

ಗೃಹಸ್ಥರು ಮಾಡತಕ್ಕದ್ದೂ ಕೆಲವುಂಟು. ಪಾವಗಡದ ಸೌರವಿದ್ಯುತ್ತು ಹೇರಳವಾಗಿರುವ ನಡುಹಗಲಿನಲ್ಲಿ ಸಂಪಿನ ನೀರನ್ನು ಮೇಲಿನ ತೊಟ್ಟಿಗೆ ಏರಿಸಿದರೆ ಸಂಜೆಯ ಹೊತ್ತಿಗೆ ಉರಿಯಬೇಕಾದ ಕಲ್ಲಿದ್ದಲು ಅಷ್ಟು ಉಳಿಯುತ್ತದೆ. ಬಟ್ಟೆ ಒಗೆಯುವ ಯಂತ್ರವನ್ನೂ ಆ ವೇಳೆಗೇ ಹಾಕಬಹುದು. ದೊಡ್ಡ ವಸತಿಗಳ ಸಂಘದವರು ಡೀಸೆಲ್ ಜನರೇಟರಿಗೆ ಸುರಿಯುವ ಹಣವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಓದಿ ಹೇಳಲಿ. ಮೇಲ್ಛಾವಣಿಯ ಸೌರಫಲಕದ ಮಾತು ಆಗ ತಾನಾಗಿ ಬರುತ್ತದೆ. ಯೂನಿಟ್ಟಿನ ದರವನ್ನು ಕೇಳುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಉಳಿದ ಪಾಲನ್ನು ಯಾರು ತೆರುತ್ತಿದ್ದಾರೆಂದು ಕೇಳುವ ಅಭ್ಯಾಸವನ್ನು ಮನೆಯ ಮಕ್ಕಳಿಗೆ ಈಗಿನಿಂದಲೇ ಕಲಿಸಬೇಕಾಗಿದೆ.