ಸಮುದ್ರ ದಾಟಿದ ಸೊಳ್ಳೆ

ಮಲೇರಿಯಾ ಜ್ವರವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಮಲೆನಾಡಿನ ಕಾಡು, ಗದ್ದೆಯ ಬಯಲು, ಕೆರೆಯಂಚಿನ ಜೌಗು. ಪಟ್ಟಣವಾಸಿಗಳಿಗೆ ಅದರ ಬಾಧೆ ಅಷ್ಟಾಗಿ ಇಲ್ಲವೆಂಬ ನಂಬಿಕೆ ಬಹುಕಾಲದಿಂದ ಬಂದದ್ದು. ಆ ನಂಬಿಕೆಯನ್ನು ಸುಳ್ಳುಮಾಡುವ ಸೊಳ್ಳೆಯೊಂದು ಭಾರತದಲ್ಲಿಯೇ ಉಂಟು. 1901ರಲ್ಲಿ ಲಿಸ್ಟನ್ ಎಂಬ ವಿದ್ವಾಂಸನು ವರ್ಣಿಸಿದ ಈ ಜಾತಿಗೆ ಅನಾಫಿಲಿಸ್ ಸ್ಟೀಫನ್ಸಿ ಎಂದು ಹೆಸರು. ಇದಕ್ಕೆ ಕಾಡೂ ಬೇಡ, ಗದ್ದೆಯೂ ಬೇಡ. ಬಾವಿ, ಮಾಳಿಗೆಯ ಮೇಲಿನ ತೊಟ್ಟಿ, ಹಿತ್ತಲಿನ ಪೀಪಾಯಿ, ಕಟ್ಟಡದ ಕೆಲಸಕ್ಕೆಂದು ತುಂಬಿಟ್ಟ ನೀರು, ಇಷ್ಟಿದ್ದರೆ ಸಾಕು. ಹೊಸ ಕಟ್ಟಡಗಳೇಳುವ ಬೀದಿಗಳಲ್ಲಿ ಚಳಿಜ್ವರ ಬಿಡದಿರುವುದನ್ನು ಮಂಗಳೂರಿನವರು ಚೆನ್ನಾಗಿ ಬಲ್ಲರು.

ಈ ಪಟ್ಟಣಿಗ ಸೊಳ್ಳೆಯು 2012ರಲ್ಲಿ ಆಫ್ರಿಕದ ಜಿಬೂತಿ ನಗರದಲ್ಲಿ ಕಾಣಿಸಿಕೊಂಡಿತು. ಜಿಬೂತಿಯು ಹಡಗುಗಳು ಎಡೆಬಿಡದೆ ಬಂದುಹೋಗುವ ರೇವು. ಅಲ್ಲಿ ಮಲೇರಿಯಾ ಹೆಚ್ಚುಕಡಮೆ ಅಳಿದೇಹೋಗಿತ್ತು. ಆ ವರ್ಷ ಲೆಕ್ಕಕ್ಕೆ ಬಂದ ರೋಗಿಗಳು 27 ಮಂದಿ. 2020ರಲ್ಲಿ ಅವರ ಸಂಖ್ಯೆ ಎಪ್ಪತ್ತು ಸಾವಿರವನ್ನು ಮೀರಿತು. 2016ರಲ್ಲಿ ಇಥಿಯೋಪಿಯದಲ್ಲಿಯೂ, ಬಳಿಕ ಸೊಮಾಲಿಯ, ನೈಜೀರಿಯ, ಕೀನ್ಯಗಳಲ್ಲಿಯೂ ಇದು ಸಿಕ್ಕಿತು. ಶ್ರೀಲಂಕೆಗೆ ಮಲೇರಿಯಾ ತೊಲಗಿದ ದೇಶವೆಂಬ ಮನ್ನಣೆ ದೊರೆತದ್ದು 2016ರ ಸೆಪ್ಟೆಂಬರಿನಲ್ಲಿ; ಅದೇ ವರ್ಷದ ಕೊನೆಗೆ ಮನ್ನಾರಿನ ಬಾವಿಗಳಲ್ಲಿ ಇದರ ಮರಿಗಳು ಕಂಡವು.

ಆಫ್ರಿಕದ ಹಳೆಯ ಮಲೇರಿಯಾ ಸೊಳ್ಳೆಗಳ ಸ್ವಭಾವವೇ ಬೇರೆ. ಅವು ಬಹುಮಟ್ಟಿಗೆ ಮಳೆನೀರು ನಿಂತ ಗುಂಡಿಗಳನ್ನು ಆಶ್ರಯಿಸತಕ್ಕವು. ಮಳೆಗಾಲ ಕಳೆದರೆ ಹಾವಳಿಯೂ ತಗ್ಗುವುದು. ಸರಿರಾತ್ರಿಯಲ್ಲಿ, ಮನೆಯೊಳಗೆ ಮಲಗಿದವರನ್ನು ಕಚ್ಚುವುದರಿಂದ ಸೊಳ್ಳೆಪರದೆಯಿಂದ ಅಲ್ಲಿ ಬಹಳ ಪ್ರಾಣಗಳುಳಿದಿವೆ. ಹೊಸದಾಗಿ ಬಂದುದಾದರೋ ಸಂಜೆಯಾಗುತ್ತಲೇ ಕಚ್ಚತೊಡಗುವುದು, ದನದ ಕೊಟ್ಟಿಗೆಯಲ್ಲಿಯೂ ತಂಗುವುದು, ಅನೇಕ ಕೀಟನಾಶಕಗಳಿಗೆ ಜಗ್ಗದು. ಇಥಿಯೋಪಿಯದ ಡಿರೆ ದಾವಾ ಪಟ್ಟಣದಲ್ಲಿ 2022ರ ಒಣಗಾಲದಲ್ಲಿಯೇ ಜ್ವರವೆದ್ದಿತು. ವಿದ್ಯಾರ್ಥಿನಿಲಯದ ಯುವಕರೂ ಹಾಸಿಗೆ ಹಿಡಿದರು.

ಕೀಟಗಳ ಇಂತಹ ವಲಸೆ ಹೊಸತಲ್ಲ. 1930ರಲ್ಲಿ ಆಫ್ರಿಕದ ಸೊಳ್ಳೆಯೊಂದು ಬ್ರೆಜಿಲ್ ದೇಶದ ನತಾಲ್ ಪಟ್ಟಣವನ್ನು ಸೇರಿ, 1938ರ ಹೊತ್ತಿಗೆ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತ್ತು. ಫ್ರೆಡ್ ಸೋಪರ್ ಎಂಬಾತನ ನಾಯಕತ್ವದಲ್ಲಿ ಸಾವಿರಾರು ಕೆಲಸಗಾರರು ಗುಂಡಿಗುಂಡಿಯನ್ನೂ ಹುಡುಕಿ ಹಸಿರು ವಿಷಪುಡಿಯನ್ನೆರಚಿ, 1940ರೊಳಗೆ ಅದನ್ನು ನಿರ್ಮೂಲ ಮಾಡಿದರು. ಆ ಗೆಲುವನ್ನು ಈಗ ಬಹಳ ಮಂದಿ ಸ್ಮರಿಸುತ್ತಾರೆ. ಆದರೆ ಬಯಲಿನ ಗುಂಡಿಗೂ ಗೃಹಸ್ಥನ ಕುಡಿಯುವ ನೀರಿಗೂ ಅಂತರವಿದೆಯಷ್ಟೆ. ತೊಟ್ಟಿಯ ನೀರಿಗೆ ಔಷಧ ಹಾಕಲು ಬಂದ ಅಪರಿಚಿತನನ್ನು ಯಾವ ಗೃಹಿಣಿ ತಾನೆ ಸಂಶಯಿಸದೆ ಒಳಕ್ಕೆ ಬಿಟ್ಟಾಳು?

ನೀರನ್ನು ತುಂಬಿಡುವುದು ದುರಭ್ಯಾಸವೆಂದು ಬರೆಯುವವರೂ ಉಂಟು. ಅದು ಅನ್ಯಾಯದ ಮಾತು. ನಲ್ಲಿಯಲ್ಲಿ ನೀರು ಎಂದು ಬಂದೀತೆಂಬ ಭರವಸೆಯಿಲ್ಲದ ಊರಿನಲ್ಲಿ ತುಂಬಿದ ಪೀಪಾಯಿಯೇ ಸಂಸಾರದ ಆಧಾರ. ಅದನ್ನು ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಿರೆಂದರೆ, ಚೆಲ್ಲಿದ ನೀರಿಗೆ ಬದಲು ಕೊಡುವವರಾರು? ಬಿಗಿಯಾದ ಮುಚ್ಚಳವನ್ನೋ ಮರಿಗಳನ್ನು ತಿನ್ನುವ ಮೀನನ್ನೋ ಕೊಟ್ಟರೆ ಅದು ಉಪಕಾರ. ಬರಿಯ ದಂಡದ ಚೀಟಿಯನ್ನು ಕೊಟ್ಟರೆ ಜನ ಪೀಪಾಯಿಯನ್ನು ಒಳಗಿನ ಕತ್ತಲೆಕೋಣೆಗೆ ಸಾಗಿಸುವರು, ಸೊಳ್ಳೆಯೂ ಹಿಂದೆಯೇ ಹೋಗುವುದು.