ಕೂದಲುದುರಿದ ಬೆಕ್ಕು ಯಾರಿಗೂ ಬೇಡವೇ?

ಬೆಕ್ಕು ನೋಡಲು ಚೆಂದವಿರುವ ತನಕ ಮನೆಮಂದಿಗೆಲ್ಲ ಮುದ್ದು. ಕೂದಲು ಉದುರಿ ಚರ್ಮ ಕಾಣತೊಡಗಿದರೆ ಅದೇ ಬೆಕ್ಕು ಅಂಗಳಕ್ಕೂ ಬೇಡ. ಗೋಣಿಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟು ಬರುವುದು ನಮ್ಮ ಕರಾವಳಿಯಲ್ಲಿ ಹೊಸತೇನಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಬೆಕ್ಕಿನ ಮುಖ ಮತ್ತು ಮುಂಗಾಲಿನ ಕೂದಲು ಅಲ್ಲಲ್ಲಿ ಹೋಗಿ ಬೂದಿ ಬಣ್ಣದ ಹೊಟ್ಟು ಕಾಣಿಸಿತು. ಕೆಲವೇ ದಿನಗಳಲ್ಲಿ ಮಗಳ ತೋಳಿನಲ್ಲಿ ಉಂಗುರದಂಥ ಕೆಂಪು ಕಲೆ ಎದ್ದಿತು. "ಮಕ್ಕಳಿರುವ ಮನೆ, ಮೊದಲು ಅದನ್ನು ಸಾಗಹಾಕಿ" ಎಂದರು ನೆರೆಯವರೊಬ್ಬರು. ಫಿನಾಯಿಲ್ ನೀರಿನಲ್ಲಿ ಮೀಯಿಸಿ ಎಂದರು ಇನ್ನೊಬ್ಬರು. ನಾವು ಎರಡನ್ನೂ ಮಾಡದೆ ಮಗಳನ್ನು ಚರ್ಮವೈದ್ಯರ ಬಳಿಗೂ ಬೆಕ್ಕನ್ನು ಪಶುವೈದ್ಯರ ಬಳಿಗೂ ಕರೆದೊಯ್ದೆವು.

ಇಬ್ಬರಿಗೂ ಇದ್ದದ್ದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಲ್ಲ, ಒಂದು ಬಗೆಯ ಶಿಲೀಂಧ್ರ. ಅಂಟುತ್ತದೆ ನಿಜ, ಆದರೆ ಗುಣವಾಗುತ್ತದೆ. ಮಗಳಿಗೆ ಮುಲಾಮು ಸಾಕಾಯಿತು. ಬೆಕ್ಕಿಗೆ ಹಲವು ವಾರ ಔಷಧಿ ಕುಡಿಸಿ, ಔಷಧಿ ಬೆರೆಸಿದ ನೀರಿನಲ್ಲಿ ಮೀಯಿಸಬೇಕಾಯಿತು. ಉದುರಿದ ಕೂದಲಿನಲ್ಲಿ ಇದರ ಬೀಜಕಣಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಹಾಗಾಗಿ ಬೆಕ್ಕನ್ನು ಒಂದೇ ಕೋಣೆಯಲ್ಲಿಟ್ಟು, ಹಾಸು ಹೊದಿಕೆ ಒಗೆದು, ದಿನವೂ ನೆಲ ಒರೆಸಿದೆವು. ಯೋಚಿಸಿ ನೋಡಿ: ಬೆಕ್ಕನ್ನು ಹೊರಹಾಕಿದ್ದರೂ ರೋಗ ನಮ್ಮ ಚಾಪೆಯಲ್ಲೇ ಇರುತ್ತಿತ್ತು. ಮಾರುಕಟ್ಟೆಯ ಬೆಕ್ಕುಗಳಿಗೂ ಅಲ್ಲಿನ ಮಕ್ಕಳಿಗೂ ಹಬ್ಬುತ್ತಿತ್ತು.

ಕೂದಲುದುರುವುದೆಲ್ಲ ಹುಳುಕಡ್ಡಿಯೂ ಅಲ್ಲ. ಸೊಂಟ, ಬಾಲದ ಬುಡದಲ್ಲಿ ಉದುರಿದರೆ ಹೆಚ್ಚಾಗಿ ಚಿಗಟ ಕಾರಣ. ಬಾಚಿದಾಗ ಬೀಳುವ ಕರಿಪುಡಿಯನ್ನು ಒದ್ದೆ ಬಿಳಿಬಟ್ಟೆಯ ಮೇಲೆ ಹಾಕಿ ನೋಡಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಬೆಕ್ಕಿನದೇ ರಕ್ತ. ಕಿವಿಯಂಚಿನಲ್ಲಿ ದಪ್ಪ ಹೊಪ್ಪಳೆ ಕಟ್ಟಿದರೆ ಕಜ್ಜಿಯ ನುಸಿ ಇರಬಹುದು. ಹೊಟ್ಟೆ ಬೋಳಾದರೆ, ತುರಿಕೆಯಿಂದಲೋ ನೋವಿನಿಂದಲೋ ಬೆಕ್ಕು ತನ್ನ ಒರಟು ನಾಲಿಗೆಯಿಂದ ನೆಕ್ಕಿ ನೆಕ್ಕಿ ಕೂದಲು ಕಿತ್ತುಕೊಂಡಿರಬಹುದು. ಕಾರಣ ತಿಳಿಯದೆ ಹಚ್ಚುವ ಔಷಧಿಯಿಂದ ಉಪಯೋಗವಿಲ್ಲ.

ಅಪಾಯವೂ ಉಂಟು. ಬೆಕ್ಕು ಮೈಗೆ ಹಚ್ಚಿದ್ದೆಲ್ಲವನ್ನೂ ನೆಕ್ಕುತ್ತದೆ. ಕೆಲವು ವಸ್ತುಗಳ ವಿಷವನ್ನು ಕಳೆಯುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಿಮೆ. ಫಿನಾಯಿಲ್ ಅದಕ್ಕೆ ವಿಷ. ನಾಯಿಗೆಂದು ಮಾರುವ, ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ವಿಷ. ಜ್ವರಕ್ಕೆ ನಾವು ನುಂಗುವ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಣ್ಣು ಶಿಕ್ಷೆಗೊಳಗಾದಳೆಂಬ ಪ್ರವಾದಿವಚನವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಸಾಕಿದ ಜೀವಕ್ಕೆ ರೋಗ ಬಂದಾಗ ನಾವೇನು ಮಾಡುತ್ತೇವೆಂಬುದನ್ನೂ ಅದೇ ಮಕ್ಕಳು ನೋಡುತ್ತಿರುತ್ತಾರೆ.